ಮಳೆ ರಜೆಯ ‘ಅಂತೆ’ ಆಟ: ಮನೆಯೊಳಗೆ ಮಕ್ಕಳ ಕಲ್ಪನೆಗೆ ಜಾಗ ಮಾಡಿಕೊಡುವುದು ಹೇಗೆ?

ಜುಲೈ ಬಂತೆಂದರೆ ಮಲೆನಾಡಿನ ಮನೆಗಳಲ್ಲಿ ಎದ್ದ ಕೂಡಲೇ ಮೊಬೈಲ್ ನೋಡುವುದು ರೂಢಿ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ರಾತ್ರಿಯಿಡೀ ಹೊಯ್ದಿದ್ದರೆ ‘ಇಂದು ಅಂಗನವಾಡಿ, ಶಾಲೆಗಳಿಗೆ ರಜೆ’ ಎಂಬ ಆದೇಶ ಬೆಳಕು ಹರಿಯುವ ಮೊದಲೇ ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತಿರುತ್ತದೆ. ಮಕ್ಕಳು ಕುಣಿಯುತ್ತವೆ. ಹತ್ತು ಗಂಟೆ ಹೊತ್ತಿಗೆ ‘ಅಮ್ಮಾ, ಬೋರು’ ಶುರುವಾಗುತ್ತದೆ. ಅಂಗಳ ಪಾಚಿಗಟ್ಟಿ ಜಾರುತ್ತದೆ, ತೋಟಕ್ಕೆ ಕಾಲಿಟ್ಟರೆ ಇಂಬಳ. ಕೊನೆಗೆ ಮಗುವಿನ ಕೈಗೆ ಮೊಬೈಲ್ ಬರುತ್ತದೆ, ಚಾರ್ಜ್ ಮುಗಿಯುವವರೆಗೂ ಅಲ್ಲೇ ಇರುತ್ತದೆ.

ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆಯ ಮುಂದೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಬೇಡ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಸರಿ, ಉಳಿದ ಹತ್ತು ಗಂಟೆಗೆ ಏನು ಮಾಡುವುದು? ಅದಕ್ಕೆ ಮಕ್ಕಳ ಬಳಿಯೇ ಉತ್ತರವಿದೆ. ದೊಡ್ಡವರು ಮಾಡಬೇಕಾದ್ದು ಜಾಗ, ಹೊತ್ತು ಮತ್ತು ಒಂದಿಷ್ಟು ಹಳೇ ಸಾಮಾನು ಕೊಡುವುದು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಳ್ಳುವುದು. ಕಷ್ಟದ ಭಾಗ ಈ ಎರಡನೆಯದೇ.

ಕಲ್ಪನೆಯ ಆಟ ಅಂದರೆ ಯಾವುದು?

ನಾಲ್ಕು ವರ್ಷದ ಮಕ್ಕಳಿಬ್ಬರು ಆಡುವಾಗ ಕಿವಿಗೊಟ್ಟು ಕೇಳಿ. ‘ನಾನು ಕಂಡಕ್ಟರ್ ಅಂತೆ, ನೀನು ಅಜ್ಜಿ ಅಂತೆ, ಈ ಮಂಚ ಬಸ್ಸಂತೆ.’ ದೊಡ್ಡವರು ‘ಅಂತೆ’ ಅನ್ನುವುದು ಬೇರೆಯವರಿಂದ ಕೇಳಿದ ಸಂಗತಿಗೆ: ‘ನಾಳೆನೂ ಮಳೆಯಂತೆ.’ ಮಗು ಅದೇ ಪದವನ್ನು ಎತ್ತಿಕೊಂಡು, ತಾನೇ ಆಗಷ್ಟೇ ಹುಟ್ಟಿಸಿದ ಲೋಕಕ್ಕೆ ಅಂಟಿಸುತ್ತದೆ. ಕಲ್ಪನೆಯ ಆಟವನ್ನು ಗುರುತಿಸಲು ಇದಕ್ಕಿಂತ ಸುಲಭದ ಗುರುತು ಇಲ್ಲ. ಎಲ್ಲಿ ‘ಅಂತೆ’ ಕೇಳಿಸುತ್ತದೋ ಅಲ್ಲಿ ಆ ಆಟ ನಡೆಯುತ್ತಿದೆ.

ಇದರಲ್ಲಿ ಮಗುವಿನ ತಲೆ ಎರಡು ಸಂಗತಿಗಳನ್ನು ಒಟ್ಟಿಗೆ ಹಿಡಿದಿರುತ್ತದೆ. ಇದು ಮಂಚ ಎಂಬುದೂ ಗೊತ್ತು, ಬಸ್ಸು ಎಂಬುದೂ ಗೊತ್ತು. ಮಣ್ಣಿನ ಇಡ್ಲಿ ಬಡಿಸಿದ ಮಗು ‘ತಿನ್ನು, ತಿನ್ನು’ ಎಂದು ಒತ್ತಾಯ ಮಾಡುತ್ತದೆ; ನೀವು ನಿಜವಾಗಿ ಬಾಯಿಗೆ ಹಾಕಿಕೊಳ್ಳಲು ಹೋದರೆ ಗಾಬರಿಯಾಗಿ ಕೈ ಹಿಡಿಯುತ್ತದೆ. ಮಗುವಿಗೆ ಭ್ರಮೆಯಿಲ್ಲ, ಸುಳ್ಳು ಹೇಳುವ ಚಾಳಿಯೂ ಇದಲ್ಲ. ಚೌಕಾಬಾರ, ಕೇರಂ, ಪಝಲ್, ಅಚ್ಚಾದ ಚಿತ್ರಕ್ಕೆ ಬಣ್ಣ ತುಂಬುವುದು ಎಲ್ಲವೂ ಒಳ್ಳೆಯವೇ. ಆದರೆ ಅಲ್ಲಿ ನಿಯಮ ಮೊದಲೇ ಬೇರೆಯವರು ಮಾಡಿಟ್ಟಿರುತ್ತಾರೆ. ‘ಅಂತೆ’ ಆಟದಲ್ಲಿ ನಿಯಮ ಮಾಡುವುದೂ ಮುರಿಯುವುದೂ ಮಗುವೇ.

ಯಾವ ವಯಸ್ಸಿಗೆ ಯಾವ ಆಟ

ಒಂದೂವರೆ ವರ್ಷದ ಆಸುಪಾಸಿನಲ್ಲಿ ಮಗು ಖಾಲಿ ಲೋಟ ಎತ್ತಿ ‘ಸುರ್’ ಎಂದು ಕುಡಿದಂತೆ ಮಾಡುತ್ತದೆ. ಅಷ್ಟೇ, ಒಂದೇ ಕ್ರಿಯೆ. ಎರಡು ವರ್ಷಕ್ಕೆ ಗೊಂಬೆಗೂ ಕುಡಿಸುತ್ತದೆ, ಬಾಳೆಹಣ್ಣನ್ನು ಕಿವಿಗಿಟ್ಟು ‘ಹಲೋ’ ಅನ್ನುತ್ತದೆ. ಈ ಹಂತದಲ್ಲಿ ವಸ್ತುವಿನ ಆಕಾರ ಕೊಂಚ ಹೋಲಬೇಕು. ಉದ್ದನೆಯ ಬಾಳೆಹಣ್ಣು ಫೋನಾಗುತ್ತದೆ, ದುಂಡನೆಯ ಕಿತ್ತಳೆ ಅಷ್ಟು ಸುಲಭಕ್ಕೆ ಆಗುವುದಿಲ್ಲ. ಆದ್ದರಿಂದ ಎರಡರ ಮಗುವಿಗೆ ನಿಜವಾದ ಸಣ್ಣ ಸೌಟು, ಲೋಟ, ತಟ್ಟೆಯನ್ನೇ ಕೊಡಿ.

ಮೂರು ದಾಟಿದ ಮೇಲೆ ಕೋಲು ಕುದುರೆಯೂ ಆದೀತು, ಕೊಡೆಯೂ ಆದೀತು. ಪಾತ್ರಗಳು ಬರುತ್ತವೆ: ಅಮ್ಮ, ಡಾಕ್ಟರು, ಟೀಚರು. ಯಾರಿಗೂ ಕಾಣದ ಗೆಳೆಯನೊಬ್ಬ ಹುಟ್ಟಿಕೊಂಡು ಊಟಕ್ಕೆ ತಟ್ಟೆ ಕೇಳಬಹುದು. ಗಾಬರಿ ಬೇಡ, ಹಲವು ಆರೋಗ್ಯವಂತ ಮಕ್ಕಳಲ್ಲಿ ಇದು ಇದ್ದದ್ದೇ. ನಾಲ್ಕೈದು ವರ್ಷದವರದು ಗುಂಪಿನ ಆಟ. ಅರ್ಧ ಹೊತ್ತು ‘ಹಂಗಲ್ಲ ಕಣೋ, ನೀನು ಈಗ ಹತ್ಬೇಕು’ ಎಂಬ ಚರ್ಚೆಯಲ್ಲೇ ಹೋಗುತ್ತದೆ. ನೋಡುವವರಿಗೆ ಆಟ ಇನ್ನೂ ಶುರುವಾಗಿಲ್ಲ ಅನ್ನಿಸಬಹುದು. ಆ ಚರ್ಚೆಯೇ ಆಟ. ಆರೇಳಕ್ಕೆ ಕಥೆ ದಿನಗಟ್ಟಲೆ ಮುಂದುವರಿಯುತ್ತದೆ, ನಕ್ಷೆ, ಟಿಕೆಟ್, ಬೋರ್ಡುಗಳೆಲ್ಲ ತಯಾರಾಗುತ್ತವೆ.

ಇದರಿಂದ ಆಗುವುದೇನು?

ಐದು ವರ್ಷದ ಮಗುವಿಗೆ ‘ಅಲ್ಲಾಡದೆ ನಿಂತ್ಕೊ’ ಅನ್ನಿ. ಹತ್ತು ಎಣಿಸುವಷ್ಟರಲ್ಲಿ ಕಾಲು ಕುಣಿಯುತ್ತದೆ. ಅದೇ ಮಗುವಿಗೆ ‘ನೀನು ಬೇಲೂರಿನ ಶಿಲಾಬಾಲಿಕೆ ಅಂತೆ, ಕೈಯಲ್ಲಿ ಕನ್ನಡಿ ಇದೆಯಂತೆ, ನಾವು ನೋಡೋಕೆ ಬಂದವರಂತೆ’ ಅನ್ನಿ. ಕತ್ತು ಓರೆ ಮಾಡಿ, ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಸೋವಿಯತ್ ಸಂಶೋಧಕಿ ಮನುಯ್ಲೆಂಕೊ 1940ರ ದಶಕದಲ್ಲಿ ಇದನ್ನೇ ಕಾವಲುಗಾರನ ಪಾತ್ರ ಕೊಟ್ಟು ಪರೀಕ್ಷಿಸಿದರು. ಸುಮ್ಮನೆ ನಿಲ್ಲಲು ಹೇಳಿದಾಗಿಗಿಂತ ಪಾತ್ರವಿದ್ದಾಗ ಮಕ್ಕಳು ಹೆಚ್ಚು ಹೊತ್ತು ನಿಂತರು. ಆಕೆಗಿಂತ ಮುಂಚೆ, 1933ರಲ್ಲಿ, ವೈಗೊಟ್ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಇದರ ಕಾರಣ ವಿವರಿಸಿದ್ದರು: ಆಟದಲ್ಲಿ ಸ್ವಾತಂತ್ರ್ಯವಿದೆ ಎಂದು ನಾವು ತಿಳಿಯುತ್ತೇವೆ, ಆದರೆ ಪಾತ್ರ ಅನ್ನುವುದೇ ಒಂದು ಕಟ್ಟಳೆ. ಕಂಡಕ್ಟರ್ ಆದ ಮೇಲೆ ಕಂಡಕ್ಟರ್ ಹಾಗೆಯೇ ನಡೆದುಕೊಳ್ಳಬೇಕು. ಮಗು ತಾನಾಗಿಯೇ ಆ ಕಟ್ಟಳೆಯನ್ನು ಹೊತ್ತುಕೊಳ್ಳುತ್ತದೆ, ಖುಷಿಯಿಂದ.

ಜೊತೆಗೆ ಮಾತು ಬೆಳೆಯುತ್ತದೆ. ಮನೆಯಲ್ಲಿ ‘ನೀರು ಬೇಕು’ ಅನ್ನುವ ಮಗು ಆಟದಲ್ಲಿ ‘ಸ್ವಲ್ಪ ಮುಂದೆ ಹೋಗ್ರಿ, ಹಿಂದೆ ಜಾಗ ಇಲ್ಲ’ ಎಂದು ಪೂರ್ತಿ ವಾಕ್ಯ ಆಡುತ್ತದೆ, ಅದೂ ಬೇರೆಯವರ ದನಿಯಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆಯಲ್ಲ, ಬಸ್ಸಿನಾಟದಲ್ಲೂ ಕಂಡಕ್ಟರು ‘ಅಜ್ಜಿ, ಆಧಾರ್ ಕಾರ್ಡ್ ತೋರ್ಸಿ’ ಎಂದು ಕೇಳಿ ಶೂನ್ಯ ಟಿಕೆಟ್ ಹರಿದು ಕೊಟ್ಟರೆ ಅಚ್ಚರಿಯಿಲ್ಲ. ಮಕ್ಕಳು ಕಂಡದ್ದನ್ನು ಹೀಗೆ ಆಡಿ ಅರ್ಥ ಮಾಡಿಕೊಳ್ಳುತ್ತಾರೆ.

ಒಂದು ಮಾತು ಸ್ಪಷ್ಟವಾಗಿರಲಿ. ಈ ಆಟದಿಂದಲೇ ಬುದ್ಧಿ ಇಷ್ಟು ಹೆಚ್ಚುತ್ತದೆ, ಅಂಕ ಇಷ್ಟು ಏರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2013ರಲ್ಲಿ ಏಂಜೆಲಿನ್ ಲಿಲಾರ್ಡ್ ಮತ್ತು ಸಂಗಡಿಗರು ದಶಕಗಳ ಅಧ್ಯಯನಗಳನ್ನು ತೂಗಿ ನೋಡಿ, ಅಂಥ ನೇರ ಸಂಬಂಧಕ್ಕೆ ಗಟ್ಟಿ ಪುರಾವೆ ಸಾಲದು ಎಂದರು. ಅಂಕಕ್ಕಾಗಿ ಆಡಿಸಬೇಕಾಗಿಯೂ ಇಲ್ಲ. ಆಟ ಮಕ್ಕಳ ಹಕ್ಕು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ.

ಸಾಮಾನು: ಕಡಿಮೆಯಿದ್ದಷ್ಟೂ ಆಟ ಹೆಚ್ಚು

ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಇನ್ನೊಮ್ಮೆ 16 ಆಟಿಕೆಗಳ ಜೊತೆ ಬಿಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು ಕಳೆದರು, ಹೆಚ್ಚು ಬಗೆಯಲ್ಲಿ ಆಡಿದರು. ಹದಿನಾರಿದ್ದಾಗ ಒಂದನ್ನು ಮುಟ್ಟಿ ಇನ್ನೊಂದಕ್ಕೆ ಹಾರಿದರು. ಜಾತ್ರೆಯಲ್ಲಿ ಎಲ್ಲ ಅಂಗಡಿ ನೋಡಿ ಏನೂ ಕೊಳ್ಳದೆ ಬರುವ ಹಾಗೆ.

ಆಟಿಕೆಯ ಜಾತಿಯೂ ಮುಖ್ಯ. ಗುಂಡಿ ಒತ್ತಿದರೆ ತಾನೇ ಹಾಡುವ ಬಸ್ಸು ಬಸ್ಸೇ ಆಗಿರುತ್ತದೆ, ಇನ್ನೇನೂ ಆಗಲಾರದು. ರಟ್ಟಿನ ಪೆಟ್ಟಿಗೆ ಬೆಳಗ್ಗೆ ಬಸ್ಸು, ಮಧ್ಯಾಹ್ನ ದನದ ಕೊಟ್ಟಿಗೆ, ಸಂಜೆ ದೋಣಿ. ಹೀಗೆ ಏನು ಬೇಕಾದರೂ ಆಗಬಲ್ಲ ಬಿಡಿ ಸಾಮಾನುಗಳೇ ಮಕ್ಕಳ ಸೃಷ್ಟಿಗೆ ಒತ್ತಾಸೆ ಎಂದು ಸೈಮನ್ ನಿಕೊಲ್ಸನ್ ಎಂಬ ವಿನ್ಯಾಸಕಾರ 1971ರಲ್ಲಿ ಬರೆದರು. ನಮ್ಮ ಕಡೆ ಆ ಸಾಮಾನಿಗೆ ಬರವಿಲ್ಲ.

ಒಂದು ಪೆಟ್ಟಿಗೆಗೆ ಇಷ್ಟು ಸಾಕು: ಹಳೇ ಕಾಟನ್ ಸೀರೆ ಎರಡು, ಟವೆಲು ಎರಡು, ಬಟ್ಟೆ ಕ್ಲಿಪ್ಪು ಒಂದು ಡಜನ್, ತೆಂಗಿನ ಕರಟ ಆರು, ಸ್ಟೀಲ್ ಲೋಟ ನಾಲ್ಕು, ಮರದ ಸೌಟು ಎರಡು, ಸೋಪು-ಟೂತ್‌ಪೇಸ್ಟಿನ ಖಾಲಿ ರಟ್ಟಿನ ಡಬ್ಬ ಎಂಟು ಹತ್ತು, ಅಡಿಕೆ ಹಾಳೆ ಎರಡು, ಹಳೇ ಕ್ಯಾಲೆಂಡರು, ಒಂದು ಹೆಗಲ ಚೀಲ. ಇದರಲ್ಲೂ ಅರ್ಧ ಒಳಗಿಟ್ಟು ಹತ್ತು ದಿನಕ್ಕೊಮ್ಮೆ ಅದಲುಬದಲು ಮಾಡಿ. ಮರೆತುಹೋದ ಕರಟ ಮರಳಿ ಬಂದಾಗ ಹೊಸದಾಗಿಯೇ ಕಾಣುತ್ತದೆ.

ಕರಟವನ್ನು ಹಾಗೇ ಕೊಡಬೇಡಿ. ಮೇಲಿನ ನಾರು ಹೆರೆದು, ಅಂಚನ್ನು 80ನೇ ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಆಮೇಲೆ 120ರಲ್ಲಿ ನಯ ಮಾಡಿ. ಒಳಗೆ ಕೊಬ್ಬರಿಯ ಚೂರು ಉಳಿದರೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಕೆರೆದು ತೊಳೆದು ಒಲೆಯ ಮೇಲಿನ ಅಟ್ಟದಲ್ಲೋ ಫ್ಯಾನಿನಡಿಯೋ ಪೂರ್ತಿ ಒಣಗಿಸಿ. ಹಾಳೆಯೂ ಅಷ್ಟೆ: ಈಗ ಬಿದ್ದ ಒದ್ದೆ ಹಾಳೆಗಿಂತ ಬೇಸಿಗೆಯಲ್ಲಿ ಎತ್ತಿಟ್ಟದ್ದು ಒಳ್ಳೆಯದು. ಅಂಚು ಕೈ ಕೊಯ್ಯುತ್ತದೆ, ಕತ್ತರಿಸಿ ತೆಗೆಯಿರಿ.

ಕೊಡಬಾರದ ಸಾಮಾನಿನ ಬಗ್ಗೆ ಕಟ್ಟುನಿಟ್ಟಾಗಿರಿ. ಮೂರರೊಳಗಿನ ಮಗುವಿರುವ ಮನೆಯಲ್ಲಿ 3.2 ಸೆಂ.ಮೀ. ಅಗಲದ ಕೊಳವೆಯೊಳಗೆ ಇಳಿಯಬಹುದಾದ ಯಾವುದೂ ಪೆಟ್ಟಿಗೆಯಲ್ಲಿರಬಾರದು. ಹತ್ತು ರೂಪಾಯಿ ನಾಣ್ಯ 2.7 ಸೆಂ.ಮೀ. ಇದೆ, ಅದಕ್ಕಿಂತ ಕೊಂಚ ದೊಡ್ಡದು ಎಂದು ಅಂದಾಜಿಟ್ಟುಕೊಳ್ಳಿ. ಹುಣಸೆ ಬೀಜ, ಕಾಫಿ ಬೀಜ, ಬಾಟಲಿ ಮುಚ್ಚಳ ಎಲ್ಲ ಉಸಿರುನಾಳಕ್ಕೆ ಸಿಕ್ಕಿಕೊಳ್ಳುವಂಥವು. ಒಂದು ಗೇಣಿಗಿಂತ ಉದ್ದದ ಹಗ್ಗವೂ ಈ ವಯಸ್ಸಿಗೆ ಬೇಡ. ಬೇಲಿಯಲ್ಲಿ ಸಿಗುವ ಗುಲಗಂಜಿ ಎಷ್ಟೇ ಚೆಂದವಿರಲಿ, ಯಾವ ವಯಸ್ಸಿನ ಮಕ್ಕಳಿಗೂ ಕೊಡಬೇಡಿ. ಅದರೊಳಗಿರುವುದು ಭಯಂಕರ ವಿಷ. ಹರಳು ಬೀಜವೂ ವಿಷವೇ. ತೋಟದ ಮನೆಗಳಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ ಬಕೆಟ್ಟು, ಮೈಲುತುತ್ತದ ಚೀಲ, ಔಷಧಿಯ ಖಾಲಿ ಕ್ಯಾನು, ಗೊಬ್ಬರದ ಚೀಲ ಮಕ್ಕಳ ಕಣ್ಣಿಗೆ ಬಲು ಒಳ್ಳೆಯ ಆಟದ ಸಾಮಾನು. ಎಷ್ಟು ತೊಳೆದರೂ ಅವು ಆಟಕ್ಕಲ್ಲ, ಬೀಗ ಹಾಕಿಡಿ. ಗುಂಡಿ ಬ್ಯಾಟರಿಯ (ನಾಣ್ಯದ ಹಾಗೆ ಚಪ್ಪಟೆಯಾದ ಪುಟ್ಟ ಬ್ಯಾಟರಿ) ಆಟಿಕೆ ಇದ್ದರೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ, ಇಲ್ಲದಿದ್ದರೆ ಮನೆಯಿಂದಾಚೆ ಹಾಕಿ. ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ಅಂಗಡಿ ಆಟಿಕೆ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಅದು ಕಡ್ಡಾಯ.

ಸೀರೆಯ ಗುಡಾರ

ಕಲ್ಪನೆಯ ಆಟಕ್ಕೆ ಒಂದು ‘ಒಳಗೆ’ ಬೇಕು. ತೋಟದ ಲೈನ್ ಮನೆಯ ಒಂದೇ ಕೋಣೆಯಾದರೂ ಆರಡಿ ಉದ್ದ, ನಾಲ್ಕಡಿ ಅಗಲದ ಮೂಲೆ ಸಾಕು.

ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕಡಿ ಅಂತರದಲ್ಲಿಡಿ. ಹಳೇ ಕಾಟನ್ ಸೀರೆಯನ್ನು ಎರಡು ಮಡಿಕೆ ಮಾಡಿ ಬೆನ್ನುಗಳ ಮೇಲೆ ಹಾಯಿಸಿ, ಒಂದೊಂದು ಕುರ್ಚಿಗೆ ಮೂರು ಕ್ಲಿಪ್ಪು ಹಾಕಿ. ಸೀರೆಯ ಉಳಿದ ಭಾಗ ಒಂದು ಬದಿಗೆ ಗೋಡೆಯಂತೆ ಇಳಿಬೀಳಲಿ. ಒಳಗೆ ಚಾಪೆ, ಅದರ ಮೇಲೆ ಕಂಬಳಿ. ಮಲೆನಾಡಿನ ನೆಲ ಈ ದಿನಗಳಲ್ಲಿ ತಣ್ಣಗೆ ಕೊರೆಯುತ್ತದೆ.

ಇದು ಬೀಳುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ನೈಲಾನ್ ಅಥವಾ ರೇಷ್ಮೆ ಸೀರೆ ಕ್ಲಿಪ್ಪಿನಿಂದ ಜಾರುತ್ತದೆ. ಸೀರೆಯ ಬದಲು ಕಂಬಳಿ ಹೊದಿಸಿದರೆ ಅದರ ಭಾರಕ್ಕೆ ಪ್ಲಾಸ್ಟಿಕ್ ಕುರ್ಚಿಗಳೇ ಒಳಕ್ಕೆ ವಾಲುತ್ತವೆ. ಕುರ್ಚಿಯ ಮೇಲೆ ಐದು ಕೆ.ಜಿ. ಅಕ್ಕಿ ಚೀಲ ಒಂದೊಂದು ಇಟ್ಟರೆ ಅಲ್ಲಾಡುವುದಿಲ್ಲ. ಕಿಟಕಿ ಸರಳಿಗೆ ಹಗ್ಗ ಕಟ್ಟಿ ಎಳೆಯಬೇಡಿ, ಓಡುವ ಮಗುವಿನ ಕತ್ತಿಗೆ ಸಿಗುತ್ತದೆ. ಬಿದ್ದಾಗ ಓಡಿ ಹೋಗಿ ಸರಿಮಾಡಲೂ ಬೇಡಿ. ‘ಗಾಳಿ ಬಂತು, ಮನೆ ಹಾರೋಯ್ತು’ ಎಂದು ಅವರೇ ಕಥೆ ಕಟ್ಟಿ ಮತ್ತೆ ಎತ್ತುತ್ತಾರೆ.

ಕರೆಂಟು ಹೋದರೆ ಇನ್ನೂ ಚೆನ್ನ. ಮೋಂಬತ್ತಿ, ದೀಪ ಗುಡಾರದ ಹತ್ತಿರಕ್ಕೂ ಬರಬಾರದು; ಟಾರ್ಚು ಕೊಡಿ. ಕೈಯನ್ನು ಟಾರ್ಚಿನ ಹತ್ತಿರ ಹಿಡಿದರೆ ಸೀರೆಯ ಮೇಲೆ ನೆರಳು ದೊಡ್ಡದಾಗಿ ಮಸುಕಾಗುತ್ತದೆ, ಸೀರೆಯ ಹತ್ತಿರ ಹಿಡಿದರೆ ಚಿಕ್ಕದಾಗಿ ಚೊಕ್ಕವಾಗುತ್ತದೆ. ಇಷ್ಟು ತೋರಿಸಿ ಟಾರ್ಚು ಅವರ ಕೈಗೆ ಬಿಡಿ.

ಮಣ್ಣಿಲ್ಲದ ದಿನದ ಮಣ್ಣು

ಅಡುಗೆ ಆಟಕ್ಕೆ ಮೆತ್ತನೆಯದು ಏನಾದರೂ ಬೇಕೇ ಬೇಕು. ಮೈದಾ ಒಂದು ಲೋಟ, ಪುಡಿ ಉಪ್ಪು ಅರ್ಧ ಲೋಟ, ನೀರು ಒಂದು ಲೋಟ, ಎಣ್ಣೆ ಒಂದು ದೊಡ್ಡ ಚಮಚ, ನಿಂಬೆ ರಸ ಎರಡು ಸಣ್ಣ ಚಮಚ. ಎಲ್ಲವನ್ನೂ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಐದು ನಿಮಿಷ ಕೈಬಿಡದೆ ಮಗುಚಿ. ಬಾಣಲೆಯ ತಳ ಬಿಟ್ಟು ಉಂಡೆಯಾದಾಗ ಇಳಿಸಿ, ಪೂರ್ತಿ ಆರಿದ ಮೇಲೆ ಚೆನ್ನಾಗಿ ನಾದಿ. ಬಣ್ಣಕ್ಕೆ ಅರಿಶಿನ ಅಥವಾ ಬೀಟ್‌ರೂಟ್ ರಸ. ಅರಿಶಿನದ ಕಲೆ ಬಟ್ಟೆಗೆ ಹಿಡಿಯುತ್ತದೆ, ಹಳೇ ಅಂಗಿ ಹಾಕಿಸಿ.

ಬೇಯಿಸದೆ ಬರೀ ಕಲಸಿದರೆ ಆಗುವುದಿಲ್ಲವೇ? ಅರಸೀಕೆರೆಯ ಒಣ ಹವೆಗೆ ಆದೀತು. ಮಲೆನಾಡಿನ ಮಳೆಯಲ್ಲಿ ಉಪ್ಪು ಗಾಳಿಯ ಪಸೆ ಎಳೆದುಕೊಂಡು ಸಂಜೆಯೊಳಗೆ ಹಿಟ್ಟು ಅಂಟಂಟಾಗುತ್ತದೆ. ಬೇಯಿಸಿದ್ದು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ ವಾರ ಬಾಳುತ್ತದೆ. ವಾಸನೆ ಬಂದರೆ, ಚುಕ್ಕೆ ಕಂಡರೆ ಎಸೆಯಿರಿ. ಉಪ್ಪಿನ ಪ್ರಮಾಣ ಹೆಚ್ಚಿರುವುದರಿಂದ ಮಗುವಾಗಲಿ ನಾಯಿಯಾಗಲಿ ತಿನ್ನದಂತೆ ನೋಡಿಕೊಳ್ಳಬೇಕು.

ದೊಡ್ಡವರು ಎಲ್ಲಿ ನಿಲ್ಲಬೇಕು?

ಆಟ ಕೆಡುವುದು ಹೆಚ್ಚಾಗಿ ನಮ್ಮ ಪ್ರೀತಿಯಿಂದಲೇ. ಮಗು ಹೋಟೆಲ್ ಆಟದಲ್ಲಿ ಕರಟದ ತುಂಬ ಇಡ್ಲಿ ತಂದಿಟ್ಟಿದೆ. ಅಪ್ಪ ಕೇಳುತ್ತಾರೆ: ‘ಎಷ್ಟು ಇಡ್ಲಿ ಇದೆ? ಎಣಿಸು ನೋಡೋಣ. ಇಂಗ್ಲಿಷಲ್ಲಿ ಹೇಳು.’ ಹೋಟೆಲು ಅಲ್ಲಿಗೆ ಮುಚ್ಚಿತು. ಮಾಲೀಕನಾಗಿದ್ದ ಮಗು ಒಮ್ಮೆಲೇ ವಿದ್ಯಾರ್ಥಿಯಾಯಿತು.

ಅದೇ ಲೆಕ್ಕವನ್ನು ಆಟದೊಳಗಿಂದ ಕೇಳಬಹುದು: ‘ಸ್ವಾಮಿ, ಎರಡು ಇಡ್ಲಿ, ಎರಡು ಕಾಫಿ. ಒಂದಕ್ಕೆ ಸಕ್ಕರೆ ಬೇಡ. ಎಷ್ಟಾಯ್ತು?’ ಮಗು ಗಂಭೀರವಾಗಿ ಯೋಚಿಸಿ ‘ನೂರು ರೂಪಾಯಿ’ ಅನ್ನುತ್ತದೆ. ‘ದುಬಾರಿಯಾಯ್ತಲ್ಲ’ ಎಂದು ಚೌಕಾಸಿ ಮಾಡಿ. ಆಟವೂ ಉಳಿಯಿತು, ಎಣಿಕೆಯೂ ನಡೆಯಿತು. ಸೂತ್ರ ಇಷ್ಟೇ: ಒಳಗೆ ಹೋಗುವುದಾದರೆ ಪಾತ್ರ ಹಾಕಿಕೊಂಡು ಹೋಗಿ, ಅದೂ ಸಣ್ಣ ಪಾತ್ರ. ಗಿರಾಕಿ, ಪ್ರಯಾಣಿಕ, ರೋಗಿ. ಡ್ರೈವರ್ ಪಾತ್ರ ನಿಮಗೆ ಬೇಡ. ಐದು ನಿಮಿಷಕ್ಕೆ ‘ನನ್ನ ಸ್ಟಾಪ್ ಬಂತು’ ಎಂದು ಇಳಿದುಬಿಡಿ.

ವಿಡಿಯೋ ಮಾಡಬೇಡಿ. ಮೊಬೈಲ್ ಕಂಡ ಕ್ಷಣ ಮಗು ಆಡುವುದನ್ನು ಬಿಟ್ಟು ಅಭಿನಯಿಸಲು ಶುರುಮಾಡುತ್ತದೆ. ನೆಂಟರ ಮುಂದೆ ‘ಬೆಳಗ್ಗೆ ಮಾಡಿದ್ಯಲ್ಲ, ಮಾಡಿ ತೋರ್ಸು’ ಅನ್ನುವುದೂ ಬೇಡ. ಗಂಡುಮಗು ಸೀರೆ ಸುತ್ತಿಕೊಂಡರೆ, ಹೆಣ್ಣುಮಗು ಮೀಸೆ ಬರೆದುಕೊಂಡರೆ ನಗಬೇಡಿ. ಅದು ಪಾತ್ರ, ಅಷ್ಟೆ.

ಹೊತ್ತು ಧಾರಾಳವಾಗಿರಲಿ. ಯಾರು ಯಾರಾಗಬೇಕು ಎಂದು ತೀರ್ಮಾನವಾಗಲಿಕ್ಕೇ ಹದಿನೈದು ನಿಮಿಷ ಬೇಕು. ಅರ್ಧ ಗಂಟೆಗೆ ಎಬ್ಬಿಸಿದರೆ ಒಲೆ ಹೊತ್ತಿಸಿ ಅಡುಗೆಗೆ ಮುಂಚೆ ಆರಿಸಿದ ಹಾಗಾಗುತ್ತದೆ. ಮುಕ್ಕಾಲು ಗಂಟೆಯಾದರೂ ಯಾರೂ ಕರೆಯದ, ಟಿವಿ ಹಾಕದ ಹೊತ್ತು ಕೊಡಿ. ‘ಬೋರು’ ಎಂದ ಕೂಡಲೇ ಏನೂ ಕೊಡಬೇಡಿ, ಒಂದು ಹತ್ತು ನಿಮಿಷ ಕಾಯಿರಿ. ಬಹಳ ಸಲ ಆಟ ಹುಟ್ಟುವುದು ಆ ಹತ್ತು ನಿಮಿಷದಲ್ಲೇ.

ಜಗಳ, ಭಯ, ಸಾವು

ಇಬ್ಬರಿಗೂ ಡ್ರೈವರ್ ಆಗಬೇಕು. ‘ಐದೈದು ನಿಮಿಷ ಇಬ್ಬರೂ ಆಗಿ’ ಎಂಬ ನ್ಯಾಯ ಇಲ್ಲಿ ನಡೆಯುವುದಿಲ್ಲ, ಕಥೆ ತುಂಡಾಗುತ್ತದೆ. ಹೊಸ ಪಾತ್ರ ಕೊಡಿ: ‘ಈ ಬಸ್ಸಿಗೆ ಚೆಕ್ಕಿಂಗ್ ಇನ್‌ಸ್ಪೆಕ್ಟರ್ ಬರಲ್ವಾ?’ ಡ್ರೈವರನ್ನೂ ಪ್ರಶ್ನಿಸಬಲ್ಲವರು ಅವರೇ ಆದ್ದರಿಂದ ಆ ಪಾತ್ರಕ್ಕೆ ಬೇಡಿಕೆ ಬರುತ್ತದೆ.

ಆಲೂರು, ಸಕಲೇಶಪುರ, ಬೇಲೂರು ಕಡೆಯ ಮಕ್ಕಳು ‘ಕಾಡಾನೆ ಬಂತು’ ಆಟ ಆಡಿದರೆ ದೊಡ್ಡವರಿಗೆ ಎದೆ ಧಸಕ್ಕೆನ್ನುತ್ತದೆ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತಾಗ ಮನೆಮನೆಯಲ್ಲೂ ಅದೇ ಮಾತು. ಅಂಥ ಮಾತು ಕೇಳಿಸಿಕೊಂಡ ಮಕ್ಕಳ ಆಟದೊಳಗೆ ಆನೆ ಬೀಳುತ್ತದೆ, ಏಳುತ್ತದೆ, ಸಾಯುತ್ತದೆ, ಮತ್ತೆ ಬದುಕುತ್ತದೆ. ‘ಅಂಥ ಆಟ ಆಡಬಾರದು, ಅಪಶಕುನ’ ಎಂದು ತಡೆಯಬೇಡಿ. ನಿಜವಾದ ಆನೆಯ ಮುಂದೆ ಮಗು ಏನೂ ಮಾಡಲಾರದು. ಆಟದ ಆನೆಯನ್ನು ಓಡಿಸಬಲ್ಲದು, ನಿಲ್ಲಿಸಬಲ್ಲದು, ಬೇಕೆಂದಾಗ ಆಟವನ್ನೇ ಮುಗಿಸಬಲ್ಲದು. ಭಯದ ಜುಟ್ಟು ಕೈಗೆ ಸಿಗುವುದು ಹಾಗೆ. ಯಾರಿಗೂ ಪೆಟ್ಟಾಗಬಾರದು ಎಂಬುದೊಂದೇ ನಿಯಮ ಇರಲಿ.

ಗಮನಿಸಬೇಕಾದ್ದು ಬೇರೆ ಇದೆ. ಅಪಘಾತವನ್ನೋ ಸಾವನ್ನೋ ಕಂಡ ಮಗು ಅದೇ ದೃಶ್ಯವನ್ನು ಒಂದಿಷ್ಟೂ ಬದಲಿಸದೆ, ನಗುವಿಲ್ಲದೆ ವಾರಗಟ್ಟಲೆ ಆಡುತ್ತಿದ್ದರೆ, ನಿದ್ದೆಯೂ ಕೆಟ್ಟಿದ್ದರೆ ವೈದ್ಯರ ಬಳಿ ಮಾತನಾಡಿ. ಹಾಗೆಯೇ, ಎರಡೂವರೆ ವರ್ಷವಾದರೂ ಮಗು ಗೊಂಬೆಗೆ ಉಣಿಸುವಂಥ ಒಂದು ‘ಅಂತೆ’ಯನ್ನೂ ಆಡದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬೆರಳು ಮಾಡಿ ಏನನ್ನೂ ತೋರಿಸದಿದ್ದರೆ ‘ನಿಧಾನಕ್ಕೆ ಬರ್ತದೆ ಬಿಡಿ’ ಎಂದು ಕಾಯಬೇಡಿ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತೋರಿಸಿ. ಬೇಗ ಗೊತ್ತಾದಷ್ಟೂ ಮಗುವಿಗೆ ಒಳ್ಳೆಯದು.

ಆಟ ನಿಲ್ಲಿಸುವಾಗ

ಊಟಕ್ಕೆ ಹತ್ತು ನಿಮಿಷ ಮುಂಚೆ ಹೇಳಿ, ಅದನ್ನೂ ಆಟದ ಮಾತಲ್ಲೇ ಹೇಳಿ: ‘ಬಸ್ಸು ಬೇಲೂರು ಸ್ಟ್ಯಾಂಡಿಗೆ ಬಂತು, ಊಟಕ್ಕೆ ಇಪ್ಪತ್ತು ನಿಮಿಷ ನಿಲ್ತದೆ.’ ಪ್ರಯಾಣಿಕರೆಲ್ಲ ಇಳಿದು ಕೈ ತೊಳೆಯುತ್ತಾರೆ. ‘ಎಲ್ಲಾ ಎತ್ತಿಡು’ ಎಂದು ಗದರಿದರೆ ಆಗುವ ರಂಪ ಇಲ್ಲಿ ಇಲ್ಲ.

ರಾತ್ರಿ ಸಾಧ್ಯವಾದರೆ ಗುಡಾರ ಹಾಗೇ ಇರಲಿ, ಒಂದು ದಿನ ಆ ಮೂಲೆ ಒರೆಸದಿದ್ದರೆ ನಷ್ಟವಿಲ್ಲ. ಜಾಗವೇ ಇಲ್ಲದಿದ್ದರೆ ಸೀರೆ ಮಡಿಸುವ ಮೊದಲು ಎಲ್ಲಿಗೆ ನಿಂತಿದೆ ಎಂದು ಕೇಳಿ, ಟಿಕೆಟ್ಟಿನ ಕಟ್ಟು, ಚೀಲ, ಕರಟ ಒಂದೇ ಕಡೆ ಇಡಿಸಿ. ದೀಪ ಆರಿಸಿದ ಮೇಲೂ ಕಂಬಳಿಯೊಳಗಿಂದ ಕೇಳಿಸುತ್ತದೆ: ‘ನಾಳೆ ಆರು ಗಂಟೆಗೇ ಫಸ್ಟ್ ಬಸ್ಸಂತೆ. ಅಜ್ಜಿ, ನೀನೂ ಬರ್ಬೇಕಂತೆ.’